ಕರಗಂಡಾ: ಲೆಕ್ಕಕ್ಕೆ ಸಿಗದವರ ಊರಿನಲ್ಲಿ

ಆಗಸ್ಟ್ 25, ಅಲ್ಮಾಟಿಯಿಂದ ರೈಲಿನಲ್ಲಿ

ಕಜಾಕಿಸ್ತಾನ ಎಂದರೆ ಈಗ ನಮ್ಮವರಿಗೆ ಅಲ್ಮಾಟಿ. 14 ದಿನದವರೆಗೆ ವೀಸಾ ಬೇಡ ಅಂದಮೇಲೆ ಕೇಳಬೇಕೆ? ಬೆಟ್ಟ ಹತ್ತುವ ಕೇಬಲ್ ಕಾರಿನ ಸಾಲಿನಲ್ಲಿ ನನ್ನ ಬೆನ್ನ ಹಿಂದೆಯೇ ಅಪ್ಪಟ ಹುಬ್ಬಳ್ಳಿ ಕನ್ನಡ ಕೇಳಿಸಿತು. ಹಿಮ, ಸೇಬು, ಸೆಲ್ಫಿ ಎಲ್ಲ ಮುಗಿಸಿ ಅವರು ದೆಹಲಿ ವಿಮಾನ ಹತ್ತಲು ಹೊರಟರು, ನಾನು ರೈಲು ನಿಲ್ದಾಣದ ಕಡೆ ಹೊರಟೆ. ನನಗೆ ಬೇಕಿದ್ದ ಊರು ಅಲ್ಲಿಂದ ಸುಮಾರು ಸಾವಿರ ಕಿಲೋಮೀಟರ್ ಉತ್ತರಕ್ಕಿರುವ ಕರಗಂಡಾ.

ಅಕ್ಕನ ಮಗ ಅಲ್ಲಿ ವೈದ್ಯಕೀಯ ಓದುತ್ತಾನೆ. ಕರ್ನಾಟಕದ ಹುಡುಗ ಹುಡುಗಿಯರು ಅಲ್ಲಿ ಸಾಕಷ್ಟಿದ್ದಾರೆ. ರಜೆಗೆ ದಾವಣಗೆರೆಗೆ ಬರದೆ ಆಸ್ಪತ್ರೆಯಲ್ಲಿ ಪ್ರಾಕ್ಟೀಸಿಗೆಂದು ಉಳಿದುಕೊಂಡಿದ್ದ. ಬರುತ್ತೇನೆ ಎಂದಾಗ, "ಚಿಕ್ಕಮ್ಮ, ಇಲ್ಲಿ ಕಲ್ಲಿದ್ದಲು ಬಿಟ್ರೆ ಇನ್ನೇನಿದೆ ಅಂತ ಬರ್ತೀರಿ?" ಎಂದು ನಕ್ಕಿದ್ದ. ಆ ಕಲ್ಲಿದ್ದಲನ್ನು ತೆಗೆದವರು ಯಾರು ಎಂಬುದೇ ನನ್ನ ಕುತೂಹಲ. ಹೈಸ್ಕೂಲಿನಲ್ಲಿ ವರ್ಷಾನುಗಟ್ಟಲೆ ಎರಡನೇ ಮಹಾಯುದ್ಧದ ಪಾಠ ಮಾಡಿದವಳು ನಾನು. ಆ ಪಾಠದಲ್ಲಿ ಜರ್ಮನರೆಂದರೆ ಹಿಟ್ಲರನ ಕಡೆಯವರು, ಅಷ್ಟೇ. ತಲೆಮಾರುಗಳಿಂದ ರಷ್ಯಾದಲ್ಲೇ ಹುಟ್ಟಿ ಬೆಳೆದು, ಸೋವಿಯತ್ ಪ್ರಜೆಗಳೇ ಆಗಿದ್ದೂ ಜರ್ಮನರೆಂಬ ಒಂದೇ ಕಾರಣಕ್ಕೆ ಗಣಿಗೆ, ಕಾಡಿಗೆ ಅಟ್ಟಿಸಿಕೊಂಡವರ ಸುದ್ದಿ ಯಾವ ಪಠ್ಯಪುಸ್ತಕದಲ್ಲೂ ಇರಲಿಲ್ಲ.

ಈ ರೈಲಿನಲ್ಲಿ ನಾಲ್ಕು ಬರ್ತಿನ ಬಾಗಿಲಿರುವ ಕೋಣೆಗೆ ಕುಪೆ ಎನ್ನುತ್ತಾರೆ. ಕೆಳಗಿನ ಬರ್ತ್ ಕೇಳಿ ತೆಗೆದುಕೊಳ್ಳುವುದು ಒಳ್ಳೆಯದು, ಮೇಲಿನದಕ್ಕೆ ಹತ್ತುವ ಮೆಟ್ಟಿಲು ಸರ್ಕಸ್ಸಿನವರಿಗೆ ಮಾಡಿದ್ದು. ಬೋಗಿಯ ತುದಿಯಲ್ಲಿ ಕುದಿಯುವ ನೀರಿನ ದೊಡ್ಡ ಹಂಡೆ ಹಗಲು ರಾತ್ರಿ ಕಾದಿರುತ್ತದೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಬಿಸಿನೀರಿಗೆ ಹಾಕಿದ ಅವಲಕ್ಕಿ: ನನ್ನ ಊಟ ಆಯಿತು. ಎದುರಿನ ಕಜಾಕ್ ದಂಪತಿ ಕಲ್ಲಂಗಡಿ ಕೊಯ್ದು, ಬೇಡ ಎನ್ನಲೂ ಬಿಡದೆ ಅರ್ಧ ನನ್ನ ಮುಂದಿಟ್ಟರು. ಚಟ್ನಿಪುಡಿಯ ರುಚಿ ನೋಡಿದ ಯಜಮಾನರು ಕಣ್ಣಲ್ಲಿ ನೀರು ಬಂದರೂ ಮರ್ಯಾದೆಗೆ ಇನ್ನೊಂದು ಚಿಟಿಕೆ ತಿಂದರು.

ಬೆಳಗಿನ ಜಾವ ಗದ್ದಲಕ್ಕೆ ಎಚ್ಚರವಾಯಿತು. ಬಾಲ್ಖಾಶ್ ಸರೋವರದ ದಡದ ಸಣ್ಣ ನಿಲ್ದಾಣ. ಹೊಗೆಯಲ್ಲಿ ಬಾಡಿಸಿದ ಮೀನುಗಳನ್ನು ಕೋಲಿಗೆ ನೇತುಹಾಕಿಕೊಂಡು ಹೆಂಗಸರು ಕಿಟಕಿಯಿಂದ ಕಿಟಕಿಗೆ ಓಡುತ್ತಿದ್ದರು. ಅಲ್ಲಿಂದಾಚೆ ಇಡೀ ಬೋಗಿ ಮೀನಿನ ವಾಸನೆ. ಹೊರಗೆ ಸ್ಟೆಪ್ಪೆ, ಅಂದರೆ ಮರವೇ ಇಲ್ಲದ ಹುಲ್ಲುಬಯಲು, ಆಗಸ್ಟಿನ ಕೊನೆಗೆ ಒಣಗಿ ಹಳದಿಯಾಗಿತ್ತು. ಬಯಲುಸೀಮೆಯಲ್ಲೇ ಬೆಳೆದವಳು ನಾನು, ಆದರೂ ಈ ಪಾಟಿ ಬಯಲು ಕಂಡು ದಿಗಿಲಾಯಿತು. ಗಂಟೆಗಟ್ಟಲೆ ಹೋದರೂ ಕಣ್ಣಿಗೆ ಆನಿಕೆಯಾಗುವಂಥದ್ದು ಒಂದೂ ಇಲ್ಲ. ರೈಲಿನಿಂದ ಇಳಿಸಿ, "ಇಲ್ಲೇ ಬದುಕಿಕೊಳ್ಳಿ" ಎಂದರೆ ಮನುಷ್ಯ ಮೊದಲು ಯಾವ ಕಡೆ ಮುಖ ಮಾಡಬೇಕು?

ಆಗಸ್ಟ್ 26, ಕರಗಂಡಾ

ಗಡಿಯಾರದ ಗೊಂದಲ ಈಗಿಲ್ಲ. 2024ರ ಮಾರ್ಚಿನಿಂದ ಇಡೀ ದೇಶಕ್ಕೆ ಒಂದೇ ಸಮಯ, ನಮಗಿಂತ ಅರ್ಧ ಗಂಟೆ ಹಿಂದೆ. ಮಧ್ಯಾಹ್ನ ನಿಲ್ದಾಣದಲ್ಲಿ ನಿಂತಿದ್ದ ಹುಡುಗ ಇನ್ನಷ್ಟು ಸೊರಗಿದ್ದ. ಮೊದಲು ಕೇಳಿದ್ದು ಮಂಡಕ್ಕಿ ತಂದಿರೇನು ಅಂತ.

ಊರು ನಾನು ಅಂದುಕೊಂಡಷ್ಟು ಕಪ್ಪಾಗಿಲ್ಲ. ಅಗಲ ರಸ್ತೆ, ಸಾಲುಮರ, ಬೆಂಚುಗಳು. ಇಷ್ಟೊಂದು ಮರ ಈ ಬಯಲಲ್ಲಿ ತಾನಾಗಿ ಬೆಳೆದಿದ್ದಲ್ಲ, ಒಂದೊಂದನ್ನೂ ನೆಟ್ಟು ನೀರು ಹೊತ್ತು ಬೆಳೆಸಿದ್ದು. ಹಳೇ ಊರಿನ ಕೆಳಗೇ ಕಲ್ಲಿದ್ದಲು ಸಿಕ್ಕಿದ್ದರಿಂದ ಊರನ್ನೇ ಈಚೆ ಸರಿಸಿ ಕಟ್ಟಿದ್ದಾರೆ. ಹಿಂದಿನ ದಿನ, ಅಂದರೆ ಆಗಸ್ಟಿನ ಕೊನೆಯ ಭಾನುವಾರ, ಗಣಿಗಾರರ ದಿನ. ಬ್ಯಾನರುಗಳು ಇನ್ನೂ ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿದ್ದವು. ಇಬ್ಬರು ಗಣಿಗಾರರು ಕಲ್ಲಿದ್ದಲಿನ ಬಂಡೆಯನ್ನು ತಲೆಯ ಮೇಲೆತ್ತಿ ಹಿಡಿದಿರುವ ದೊಡ್ಡ ಸ್ಮಾರಕದ ಬುಡದಲ್ಲಿ ಹೂವಿನ ರಾಶಿ ಬಾಡಿತ್ತು. 2023ರ ಅಕ್ಟೋಬರಿನಲ್ಲಿ ಇಲ್ಲಿನ ಕೊಸ್ಟೆಂಕೊ ಗಣಿಯಲ್ಲಿ 46 ಜನ ಸತ್ತರು. "ಆ ವಾರ ಆಸ್ಪತ್ರೆಯಲ್ಲಿ ಯಾರೂ ಜೋರಾಗಿ ಮಾತಾಡ್ತಿರಲಿಲ್ಲ ಚಿಕ್ಕಮ್ಮ" ಎಂದ ಹುಡುಗ. ಗಣಿ ಈ ಊರಿಗೆ ಹಳೇ ಕಥೆಯಲ್ಲ.

ಊಟಕ್ಕೆ ಲಗ್ಮಾನ್ ಅಂಗಡಿಗೆ ಹೋದೆವು. ಕೈಯಲ್ಲೇ ಎಳೆದು ಮಾಡಿದ ಉದ್ದನೆಯ ಶಾವಿಗೆ, ತರಕಾರಿ, ಸಾರು. ಸಸ್ಯಾಹಾರಿಗಳು ಬರೀ "ಮಾಂಸ ಬೇಡ" ಎಂದರೆ ಸಾಲದು. ಅವರು ತುಂಡುಗಳನ್ನು ಆರಿಸಿ ತೆಗೆದು ಅದೇ ಸಾರನ್ನು ಕೊಡುತ್ತಾರೆ, ಅದೂ ಪಾಪ ಪ್ರೀತಿಯಿಂದ. ಸಾರೇ ಬೇಡ, ಎಣ್ಣೆಯಲ್ಲಿ ಹುರಿದು ಕೊಡಿ ಎಂದು ಬಿಡಿಸಿ ಹೇಳಬೇಕು. ಚಹಾ ಮಾತ್ರ ನಮ್ಮ ಕಡೆಯದೇ, ಹಾಲು ಹಾಕಿದ್ದು. ಬಟ್ಟಲನ್ನು ಅರ್ಧಕ್ಕಿಂತ ಹೆಚ್ಚು ತುಂಬುವುದಿಲ್ಲ. ತುಂಬಿಕೊಟ್ಟರೆ ಕುಡಿದು ಬೇಗ ಎದ್ದು ಹೋಗಿ ಎಂದ ಹಾಗಂತೆ.

ಸಂಜೆ ಪಾರ್ಕಿನಲ್ಲಿ ಕುಳಿತು ಹುಡುಗನಿಗೆ ನಾನೇ ಪಾಠ ಶುರುಮಾಡಿದೆ. ಹಳೇ ಚಾಳಿ. 1763ರಲ್ಲಿ ರಷ್ಯಾದ ರಾಣಿ ಎರಡನೇ ಕ್ಯಾಥರೀನ್ ಜಮೀನು ಕೊಡುತ್ತೇನೆ ಬನ್ನಿ ಎಂದು ಕರೆದಳು, ಜರ್ಮನ್ ರೈತರು ಬಂದು ವೋಲ್ಗಾ ನದಿಯ ದಡದಲ್ಲಿ ನೆಲೆಸಿದರು. ಕ್ರಾಂತಿಯ ನಂತರ, 1924ರಲ್ಲಿ, ಅವರದೇ ಒಂದು ಸ್ವಾಯತ್ತ ಗಣರಾಜ್ಯವೂ ಆಯಿತು. 1941ರ ಜೂನಿನಲ್ಲಿ ಹಿಟ್ಲರ್ ದಾಳಿ ಮಾಡಿದ. ಆಗಸ್ಟ್ 28ಕ್ಕೆ ಸೋವಿಯತ್ ಸರ್ಕಾರ ಒಂದು ಆಜ್ಞೆ ಹೊರಡಿಸಿತು: ವೋಲ್ಗಾ ಜರ್ಮನರ ನಡುವೆ ಸಾವಿರ, ಹತ್ತು ಸಾವಿರಗಟ್ಟಲೆ ಗೂಢಚಾರರಿದ್ದಾರೆ, ಆದ್ದರಿಂದ ಇಡೀ ಜನವನ್ನೇ ಪೂರ್ವಕ್ಕೆ ಸಾಗಿಸಬೇಕು. ಕಜಾಕಿಸ್ತಾನಕ್ಕೇ ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಬಂದಿಳಿದರು. ಅಷ್ಟರಲ್ಲಿ ಉಕ್ರೇನಿನ ಕಡೆಯ ದೊನ್‌ಬಾಸ್ ಕಲ್ಲಿದ್ದಲು ಗಣಿಗಳು ಶತ್ರುವಿನ ಕೈಸೇರಿ ಕರಗಂಡಾದ ಕಲ್ಲಿದ್ದಲಿಗೆ ಎಲ್ಲಿಲ್ಲದ ಬೇಡಿಕೆ ಬಂತು. ಅಗೆಯಲು ಕೈಗಳು ಬೇಕು. ಕೈಗಳು ಪಕ್ಕದ ಹಳ್ಳಿಯಲ್ಲೇ ಇದ್ದವು.

1942ರ ಜನವರಿ 10ರ ಆದೇಶದಲ್ಲಿ 17ರಿಂದ 50 ವಯಸ್ಸಿನ ಗಂಡಸರನ್ನು "ಕಾರ್ಮಿಕ ಸೇನೆ"ಗೆ ಕರೆದರು. ಚಳಿಗಾಲದ ಬಟ್ಟೆ, ಹಾಸಿಗೆ, ಲೋಟ, ಚಮಚ, 10 ದಿನದ ಬುತ್ತಿ ತಾವೇ ತರಬೇಕು. ಬಾರದಿದ್ದರೆ ಮರಣದಂಡನೆಯವರೆಗೂ ಶಿಕ್ಷೆ. ಆ ವರ್ಷದ ಅಕ್ಟೋಬರ್ 7ಕ್ಕೆ ಇನ್ನೊಂದು ಆದೇಶ: ಗಂಡಸರಾದರೆ 15ರಿಂದ 55, ಹೆಂಗಸರಾದರೆ 16ರಿಂದ 45. ಬಸುರಿಯರಿಗೆ ಮತ್ತು ಮೂರು ವರ್ಷದೊಳಗಿನ ಮಗುವಿರುವ ತಾಯಂದಿರಿಗೆ ವಿನಾಯಿತಿ. ಮಗುವಿಗೆ ಮೂರು ತುಂಬಿದ್ದರೆ ಬಂಧುಗಳ ಕೈಗೆ ಕೊಟ್ಟು ಹೊರಡಬೇಕು. ಹೀಗೆ ಒಟ್ಟು ಮೂರು ಲಕ್ಷಕ್ಕೂ ಹೆಚ್ಚು ಜರ್ಮನರು ಗಣಿ, ಕಾಡು, ರೈಲುಹಳಿ, ಕಾರ್ಖಾನೆ ಕಟ್ಟುವ ಕೆಲಸಕ್ಕೆ ಹೋದರು. ಇದರಲ್ಲೊಂದು ತಮಾಷೆ ಇದೆ, ನಗಲು ಬರುವುದಿಲ್ಲ ಅಷ್ಟೇ. ಮುಳ್ಳುತಂತಿಯ ಒಳಗೆ ಕಾವಲಿನಲ್ಲಿದ್ದ ಕಮ್ಯುನಿಸ್ಟ್ ಪಕ್ಷದ ಸದಸ್ಯರು ಸದಸ್ಯರಾಗಿಯೇ ಉಳಿದರು, ಸಭೆ ಸೇರಿದರು, ಚಂದಾ ಕಟ್ಟಿದರು. ಅವರ ಮೇಲೆ ಆರೋಪವಿಲ್ಲ, ವಿಚಾರಣೆಯಿಲ್ಲ, ತೀರ್ಪಿಲ್ಲ. ಕಾಗದದ ಲೆಕ್ಕದಲ್ಲಿ ಅವರು ಕೈದಿಗಳೇ ಅಲ್ಲ.

ಹುಡುಗ ಸುಮ್ಮನೆ ಕೇಳಿ, "ನಾಲ್ಕು ವರ್ಷದಿಂದ ಇದ್ದೀನಿ, ನಂಗೆ ಯಾರೂ ಹೇಳಲಿಲ್ಲ" ಎಂದ.

ಆಗಸ್ಟ್ 27, ದೊಲಿಂಕಾ

ದೊಲಿಂಕಾ ಹಳ್ಳಿ ಕರಗಂಡಾದಿಂದ ನೈರುತ್ಯಕ್ಕೆ ಒಂದು ಗಂಟೆಯೊಳಗಿನ ದಾರಿ. ಶಾಖ್ತಿನ್ಸ್ಕ್‌ವರೆಗೆ ಬಸ್ಸಿದೆ, ಆದರೆ ಅಲ್ಲಿಂದ ಮುಂದೆ ಗಾಡಿ ಹುಡುಕುವ ಪಾಡು ಬೇಡವೆಂದು ಇಡೀ ದಿನಕ್ಕೆ ಟ್ಯಾಕ್ಸಿ ಮಾತಾಡಿದೆವು. ನಗದು ಕೈಯಲ್ಲಿರಲಿ. ಇಲ್ಲಿ ಎಲ್ಲರೂ ಫೋನಿನಲ್ಲೇ ದುಡ್ಡು ಕಳಿಸುತ್ತಾರೆ, ಆ ವ್ಯವಸ್ಥೆ ಪ್ರವಾಸಿಗರಿಗೆ ಸುಲಭವಾಗಿ ಒದಗುವುದಿಲ್ಲ. ಚಾಲಕರು ಐವತ್ತು ದಾಟಿದ ಕಜಾಕ್, ಹಿಂದೆ ಗಣಿಯಲ್ಲಿದ್ದವರು. ದಾರಿಯುದ್ದಕ್ಕೂ ಗಣಿಯ ಬೂದಿಗುಡ್ಡಗಳು. ಅರ್ಧ ದಾರಿಯಲ್ಲಿ ಢಬ್ ಎಂದು ಟೈರು ಹೋಯಿತು. ಡಿಕ್ಕಿ ತೆಗೆದರೆ ಸ್ಟೆಪ್ನಿ ಇದೆ, ಜಾಕ್ ಇಲ್ಲ.

ಗಾಳಿ ಎಂದರೆ ಎಂಥ ಗಾಳಿ! ಮೈಮೇಲಿದ್ದ ಶಾಲು ಹಾರಿ ಹೋಗಿ ಮುಳ್ಳಿಗೆ ಸಿಕ್ಕಿಕೊಂಡಿತು. ಹುಡುಗ ಅದರ ಹಿಂದೆ ಓಡಿದ. ಲಾರಿಗೆ ಕೈ ಮಾಡುತ್ತಾ ನಿಂತಿದ್ದ ಚಾಲಕರು ಕಾರಿನ ಮುಂದಿನ ಡ್ರಾಯರಿನಿಂದ ಒಂದು ಪೊಟ್ಟಣ ತೆಗೆದು ಬಿಳಿ ಉಂಡೆಗಳನ್ನು ನನ್ನ ಅಂಗೈಗೆ ಹಾಕಿದರು. ಅದು ಕುರ್ತ್, ಮೊಸರನ್ನು ಉಪ್ಪು ಹಾಕಿ ಹಿಂಡಿ ಕಲ್ಲಿನಂತಾಗುವವರೆಗೆ ಒಣಗಿಸಿದ್ದು. ಕಚ್ಚಿದರೆ ಹಲ್ಲು ಹೋಗುತ್ತದೆ, ಬಾಯಲ್ಲಿಟ್ಟು ಚೀಪಬೇಕು. ಈಗಿನ ರಾಜಧಾನಿ ಅಸ್ತಾನಾದ ಹತ್ತಿರ ಸೋವಿಯತ್ ಕಾಲದಲ್ಲಿ ಹೆಂಗಸರ ಸೆರೆಶಿಬಿರವೊಂದಿತ್ತು. ಹಳ್ಳಿಯ ಮುದುಕರು, ಮಕ್ಕಳು ಅಲ್ಲಿಯ ಕೈದಿಗಳತ್ತ ಕಲ್ಲು ಬೀಸುತ್ತಿದ್ದಾರೆ ಎಂದು ಕಾವಲುಗಾರರು ನಕ್ಕರಂತೆ. ಬಿದ್ದ ಕಲ್ಲನ್ನು ಮೂಸಿ ನೋಡಿದ ಹೆಂಗಸರಿಗೆ ಅದು ಕುರ್ತ್ ಎಂದು ತಿಳಿಯಿತಂತೆ. ಕಜಾಕಿಸ್ತಾನದಲ್ಲಿ ಈ ಕಥೆ ಗೊತ್ತಿಲ್ಲದವರಿಲ್ಲ.

"ಜರ್ಮನರು ಬಂದಾಗ ನಿಮ್ಮ ಮನೆಯ ಹಿರಿಯರು ಏನಂದರಂತೆ?" ಎಂದು ಕೇಳಿಸಿದೆ. ಹುಡುಗ ತಡವರಿಸಿ ತರ್ಜುಮೆ ಮಾಡಿದ. ಅವರ ಅಜ್ಜ ಒಂಬತ್ತು ವರ್ಷ ಹಿಂದೆಯಷ್ಟೇ ಮನೆಯ ಏಳು ಜನರನ್ನು ಮಣ್ಣು ಮಾಡಿದ್ದರಂತೆ. 1930ರ ದಶಕದ ಆರಂಭದ ಬರದಲ್ಲಿ, ದನಕರುಗಳನ್ನು ಸರ್ಕಾರ ಕಸಿದುಕೊಂಡ ಮೇಲೆ, ಕಜಾಕಿಸ್ತಾನದಲ್ಲಿ ಸತ್ತವರು ಸುಮಾರು 15 ಲಕ್ಷ. "ಹಸಿವು ಕಂಡ ಮನೆಗೆ ಹಸಿದವರು ಬಂದರು. ಏನಂತಾರೆ? ಒಳಗೆ ಬನ್ನಿ ಅಂದಿರುತ್ತಾರೆ." ಅಷ್ಟರಲ್ಲಿ ಲಾರಿಯೊಂದು ನಿಂತಿತು, ಜಾಕ್ ಸಿಕ್ಕಿತು.

ದೊಲಿಂಕಾದಲ್ಲಿ ಕಂಬಗಳಿರುವ ಆ ಕಟ್ಟಡ ಯಾವುದೋ ಜಿಲ್ಲಾ ಕಚೇರಿಯ ಹಾಗೆ ಠೀವಿಯಿಂದ ನಿಂತಿದೆ. ಕಾರ್ಲಾಗ್ ಎಂಬ ಮಹಾ ಸೆರೆಶಿಬಿರದ ಆಡಳಿತ ಕಚೇರಿ ಅದು. 1931ರಿಂದ 1959ರವರೆಗೆ ನಡೆದ ಶಿಬಿರವಿದು. ಉತ್ತರ ದಕ್ಷಿಣಕ್ಕೆ ಮುನ್ನೂರು ಕಿಲೋಮೀಟರಿನಷ್ಟು ಹರಡಿದ್ದ ಹೊಲ, ದನದ ಕೊಟ್ಟಿಗೆ, ಬ್ಯಾರಕ್ಕುಗಳ ಲೋಕ. ಗಣಿಗಳ ಊರಿಗೆ ಅನ್ನ ಬೆಳೆಯುವುದು ಕೈದಿಗಳ ಕೆಲಸ. 2011ರಲ್ಲಿ ಇದನ್ನು ವಸ್ತುಸಂಗ್ರಹಾಲಯ ಮಾಡಿದ್ದಾರೆ. ನೆಲಮಾಳಿಗೆಯಲ್ಲಿ ಕತ್ತಲೆ ಕೋಣೆಗಳು, ವಿಚಾರಣೆಯ ಮೇಜು, ಹೊಡೆಸಿಕೊಳ್ಳುತ್ತಿರುವ ಗೊಂಬೆಗಳು. ಗೊಂಬೆಗಳಿಲ್ಲದಿದ್ದರೂ ನಡೆಯುತ್ತಿತ್ತು ಎನ್ನುವುದು ನನ್ನ ಅಭಿಪ್ರಾಯ. ಖಾಲಿ ಕೋಣೆಯೇ ಹೆಚ್ಚು ಹೆದರಿಸುತ್ತದೆ. ಮೇಲಿನ ಮಹಡಿಯ ಕಾಗದಗಳ ಮುಂದೆ ನಾನು ಹೆಚ್ಚು ಹೊತ್ತು ನಿಂತೆ. ಫಲಕಗಳೆಲ್ಲ ಕಜಾಕ್, ರಷ್ಯನ್ ಭಾಷೆಯಲ್ಲಿದ್ದುದರಿಂದ ಫೋನಿನಲ್ಲಿ ತರ್ಜುಮೆಯ ಆ್ಯಪ್ ಮೊದಲೇ ಇಳಿಸಿಕೊಂಡಿದ್ದು ಉಪಯೋಗಕ್ಕೆ ಬಂತು. ಬಾಗಿಲು ಯಾವ ದಿನ ತೆರೆದಿರುತ್ತದೆ ಎಂದು ಫೋನು ಮಾಡಿಸಿ ಕೇಳಿಕೊಂಡೇ ಹೊರಡಿ.

ಕಾರ್ಮಿಕ ಸೇನೆಯ ಜರ್ಮನರ ಹೆಸರುಗಳು ಇಲ್ಲಿ ಸಿಗುತ್ತವೆಯೇ ಎಂದು ಅಲ್ಲಿದ್ದ ಹೆಣ್ಣುಮಗಳನ್ನು ಕೇಳಿದೆ. ಆಕೆ ಸಮಾಧಾನದಿಂದ ಬಿಡಿಸಿ ಹೇಳಿದಳು: ಇಲ್ಲಿರುವುದು ಕಾರ್ಲಾಗಿನ ಕೈದಿಗಳ ವಿಷಯ. ಜರ್ಮನರಲ್ಲೂ ಬಂಧನವಾಗಿ ಶಿಕ್ಷೆಗೊಳಗಾದವರಿದ್ದರು, ಅವರ ಕಡತ ಬೇರೆ. ಗಣಿಗೆ "ಸೇರಿಸಿಕೊಂಡವರ" ಕಾಗದಗಳು ಗಣಿಯ ಕಡೆ ಹೋದವು, ಊರಿನ ಆರ್ಕೈವ್‌ನಲ್ಲಿ ಕೇಳಬೇಕು. ಕಡತವಿಲ್ಲದಿದ್ದರೆ ಗೋಡೆಯ ಮೇಲೆ ಹೆಸರೂ ಬಾರದು. ಸೆರೆಮನೆಯೇ ವಾಸಿ, ದಾಖಲೆಯನ್ನಾದರೂ ಇಟ್ಟಿತ್ತು ಎನ್ನಬೇಕೆ?

ಹಳ್ಳಿಯಾಚೆ "ತಾಯಂದಿರ ಸ್ಮಶಾನ" ಎಂದು ಕರೆಯುವ ಜಾಗವಿದೆ, ಹೂತಿರುವುದು ಕೈದಿ ತಾಯಂದಿರ ಕೂಸುಗಳನ್ನು. ನಾನು ಅಲ್ಲಿ ಫೋಟೋ ತೆಗೆಯಲಿಲ್ಲ.

ಆಗಸ್ಟ್ 28, ಮಾಯ್ಕುಡುಕ್

ಆಗಸ್ಟ್ 28 ಸೋವಿಯತ್ ನಾಡಿನ ಜರ್ಮನರು ಎಲ್ಲಿದ್ದರೂ ನೆನೆಯುವ ದಿನ. ಕರಗಂಡಾದ ಮಾಯ್ಕುಡುಕ್ ಬಡಾವಣೆಯಲ್ಲಿ ಸಂತ ಜೋಸೆಫರ ಚರ್ಚ್ ಇದೆ. 1977ರಲ್ಲಿ ಕೊನೆಗೂ ಅನುಮತಿ ಸಿಕ್ಕಿದ್ದು. ಗಣಿಯ ಪಾಳಿ ಮುಗಿಸಿ ಬಂದ ಜರ್ಮನ್ ಗಂಡಸರು, ಮನೆಯ ಕೆಲಸ ಮುಗಿಸಿ ಬಂದ ಹೆಂಗಸರು ತಾವೇ ಇಟ್ಟಿಗೆ ಹೊತ್ತು ಕಟ್ಟಿ 1980ಕ್ಕೆ ಮುಗಿಸಿದರು. ಅದಕ್ಕೂ ಮುಂಚಿನ ಕಾಲದಲ್ಲಿ ಗೆರ್ಟ್ರೂಡ್ ಡೆಟ್ಸೆಲ್ ಎಂಬ ಹೆಣ್ಣುಮಗಳು ಕದ್ದುಮುಚ್ಚಿ ಮನೆಗಳಲ್ಲಿ ಪ್ರಾರ್ಥನೆ ನಡೆಸುತ್ತಿದ್ದರು. ಪಾದ್ರಿಯೂ ಅಲ್ಲ, ಸನ್ಯಾಸಿನಿಯೂ ಅಲ್ಲ. ಕಾಕಸಸ್ ಕಡೆಯಿಂದ ಗಡೀಪಾರಾಗಿ ಬಂದವರು, 1971ರಲ್ಲಿ ಇಲ್ಲೇ ತೀರಿಕೊಂಡರು. ಇಂದಿಗೂ ಈ ಚರ್ಚಿನ ಹಿರಿಯರು ಅವರ ಹೆಸರನ್ನು ಮನೆಯ ದೊಡ್ಡಮ್ಮನ ಹೆಸರು ಹೇಳಿದ ಹಾಗೆ ಹೇಳುತ್ತಾರೆ.

ಪೂಜೆ ರಷ್ಯನ್ ಭಾಷೆಯಲ್ಲಿ ನಡೆಯಿತು. ನಾವು ಹಿಂದಿನ ಬೆಂಚಿನಲ್ಲಿ ಕುಳಿತೆವು. ಕೊನೆಗೆ ಮುಂದಿನ ಸಾಲಿನ ನಾಲ್ಕಾರು ಮುದುಕಿಯರು ಪುಸ್ತಕ ನೋಡದೆ ಜರ್ಮನ್ ಹಾಡೊಂದನ್ನು ಎತ್ತಿಕೊಂಡರು. ಕಿರಿಯರು ಬಾಯಿ ಮುಚ್ಚಿ ನಿಂತರು, ಅವರಿಗೆ ಬಾರದು. ನಮ್ಮಲ್ಲಿ ಸೋಬಾನೆ ಪದ ಹೇಳುವವರ ಪಾಡೂ ಈಗ ಇದೇ. ಮೇಣದ ಬತ್ತಿ ಹಚ್ಚಿದ ಮೇಲೆ ಒಬ್ಬೊಬ್ಬರೂ ತಮ್ಮವರ ಹೆಸರು ಹೇಳಿದರು. ಬಹಳ ಮಂದಿ ಹೆಸರಿನ ಜೊತೆ ಊರನ್ನಲ್ಲ, ಕೆಲಸದ ಜಾಗವನ್ನು ಹೇಳಿದರು: ಯಾವ ಗಣಿ, ರಷ್ಯಾದ ಉರಾಲ್ ಬೆಟ್ಟಸೀಮೆಯ ಯಾವ ಕಾಡು.

ಹೊರಗೆ ಬಂದಾಗ ಎಂಬತ್ತೈದು ದಾಟಿದ ಅಜ್ಜಿಯೊಬ್ಬರು ಮೆಟ್ಟಿಲು ಇಳಿಯಲು ಪರದಾಡುತ್ತಿದ್ದರು. ಹುಡುಗ ಕೈ ಹಿಡಿದ. ಅವನಿಗೆ ಬರುವ ರಷ್ಯನ್ ಎಲ್ಲ ಆಸ್ಪತ್ರೆಯದು. "ಎಲ್ಲಿ ನೋವು ಬಾಬುಷ್ಕಾ? ಎಷ್ಟು ದಿನದಿಂದ?" ಎಂದು ಶುರುಮಾಡಿದ. ಆಲೂಗೆಡ್ಡೆ ಹೊಲದ ಕಾಲದಿಂದ ಎಂದರು ಅಜ್ಜಿ. ಮಂಡಿ ಒತ್ತಿ ನೋಡಿ, ಮಡಚಿ ನೋಡಿ ಎನ್ನುವಷ್ಟರಲ್ಲಿ ಗೆಳೆತನ ಆಗಿಹೋಯಿತು. ಮನೆ ಹತ್ತಿರವೇ, ತಿಂಡಿ ತಿಂದು ಹೋಗಿ ಎಂದರು. ನಾವು ಮಾಂಸ ತಿನ್ನುವುದಿಲ್ಲ ಎಂದಾಗ ಅರೆಕ್ಷಣ ಯೋಚಿಸಿ, "ಯುದ್ಧದ ಕಾಲದ ಅಡುಗೆ ಮಾಡುತ್ತೇನೆ, ಅದರಲ್ಲಿ ಮಾಂಸ ಎಲ್ಲಿರುತ್ತದೆ" ಎಂದು ನಕ್ಕರು.

ಆ ಅಡುಗೆಯ ಹೆಸರು ಶ್ಟ್ರುಡ್ಲಿ. ಹಿಟ್ಟನ್ನು ಮೇಜಿನಗಲ ತೆಳ್ಳಗೆ ಎಳೆದು, ಎಣ್ಣೆ ಸವರಿ, ಸುರುಳಿ ಸುತ್ತಿ, ಬೆರಳುದ್ದ ಕೊಯ್ದರು. ದಪ್ಪ ತಳದ ಪಾತ್ರೆಯಲ್ಲಿ ಈರುಳ್ಳಿ, ಆಲೂಗೆಡ್ಡೆ, ಹುಳಿ ಬರಿಸಿದ ಎಲೆಕೋಸು ಕುದಿಯುತ್ತಿತ್ತು. ಅದರ ಮೇಲೆ ಸುರುಳಿಗಳನ್ನು ಜೋಡಿಸಿ ಮುಚ್ಚಳ ಹಾಕಿದರು. ಹುಡುಗ ಮುಚ್ಚಳ ಎತ್ತಲು ಹೋಗಿ ಕೈಮೇಲೆ ಏಟು ತಿಂದ. ನಡುವೆ ತೆಗೆದರೆ ಹಿಟ್ಟು ಕುಸಿದು ಗಂಟಾಗುತ್ತದೆಯಂತೆ. ಅಜ್ಜಿ ಕಿವಿಯನ್ನು ಪಾತ್ರೆಯ ಹತ್ತಿರ ತಂದು ಆಲಿಸಿದರು. ಕುದಿಯುವ ಸದ್ದು ನಿಂತು ಚರ್‌ಚರ್ ಸದ್ದು ಶುರುವಾಗಬೇಕು, ಅಂದರೆ ನೀರು ಇಂಗಿ ಆಲೂಗೆಡ್ಡೆ ತಳದಲ್ಲಿ ಕೆಂಪಾಗುತ್ತಿದೆ ಎಂದರ್ಥ. ಬಡಿಸುವಾಗ ಒಂದೊಂದೇ ಸುರುಳಿ ಎಣಿಸಿ ಹಾಕಿದರು: ಬೀರ್, ಎಕಿ, ಉಶ್. ಹುಡುಗ ಹುಬ್ಬೇರಿಸಿದ. ಅದು ಜರ್ಮನ್ನೂ ಅಲ್ಲ ರಷ್ಯನ್ನೂ ಅಲ್ಲ, ಕಜಾಕ್.

ಕಥೆ ಅಲ್ಲಿಂದಲೇ ಬಿಚ್ಚಿಕೊಂಡಿತು. ವೋಲ್ಗಾ ದಡದಿಂದ ಅವರನ್ನು ಹೊರಡಿಸಿದಾಗ ಅಜ್ಜಿಗೆ ಎರಡು ವರ್ಷ. ಉತ್ತರ ಕಜಾಕಿಸ್ತಾನದ ಅಕ್ಮೋಲಾ ಕಡೆಯ ಹಳ್ಳಿಯೊಂದಕ್ಕೆ ಬಂದು ಬಿದ್ದರು. 1942ರ ಆರಂಭದಲ್ಲೇ ಅಪ್ಪನನ್ನು ಉರಾಲಿಗೆ ಮರ ಕಡಿಯಲು ಕರೆದುಕೊಂಡು ಹೋದರು. ಹೋದವರು ಹೋದರು, ಮಣ್ಣು ಎಲ್ಲಿ ಎಂಬುದೂ ತಿಳಿಯಲಿಲ್ಲ. ಅಕ್ಟೋಬರಿನ ಆದೇಶ ಬಂದಾಗ ಮಗುವಿಗೆ ಮೂರು ದಾಟಿ ನಾಲ್ಕೇ ತಿಂಗಳು. ವಯಸ್ಸು ತಿದ್ದಿಸಲು ಅಮ್ಮ ಓಡಾಡಿದರು, ಆಗಲಿಲ್ಲ. ಮಗುವನ್ನು ಅಪ್ಪನ ತಾಯಿಗೆ ಒಪ್ಪಿಸಿ ಅಮ್ಮ ಕರಗಂಡಾ ಗಣಿಗೆ ಬಂದರು, ನೆಲದಡಿ ಕಲ್ಲಿದ್ದಲಿನ ಗಾಡಿ ತಳ್ಳಲು. ಮುಂದಿನ ವರ್ಷ ಆ ಮುದುಕಿಯೂ ತೀರಿಕೊಂಡಳು. ಪಕ್ಕದ ಕಜಾಕ್ ಮನೆಯವರು ಮಗುವನ್ನು ತಮ್ಮ ಮಕ್ಕಳ ಜೊತೆ ಮಲಗಿಸಿಕೊಂಡರು.

1947ರಲ್ಲಿ ಅಮ್ಮ ಹುಡುಕಿಕೊಂಡು ಬಂದಾಗ ಎಂಟು ವರ್ಷದ ಮಗಳಿಗೆ ಬರುತ್ತಿದ್ದದ್ದು ಕಜಾಕ್ ಮಾತ್ರ, ಅಮ್ಮನಿಗೆ ಬರುತ್ತಿದ್ದದ್ದು ಜರ್ಮನ್. ಕರಗಂಡಾದವರೆಗಿನ ಪ್ರಯಾಣದಲ್ಲಿ ಇಬ್ಬರ ನಡುವೆ ಮಾತೇ ಇಲ್ಲ. "ಹಸಿವಾದರೆ ಅಮ್ಮನ ತೋಳು ಎಳೆಯುತ್ತಿದ್ದೆ" ಎಂದರು ಅಜ್ಜಿ, ಎಳೆದೂ ತೋರಿಸಿದರು. ಹುಡುಗನ ಅಂಗಿಯ ತೋಳಿಗೆ ಹಿಟ್ಟು ಅಂಟಿತು.

ಯುದ್ಧ ಮುಗಿದ ಮೇಲೂ ಬಿಡುಗಡೆಯಿಲ್ಲ. 1948ರ ನವೆಂಬರಿನ ಆದೇಶದ ಪ್ರಕಾರ ಈ ಗಡೀಪಾರು ಶಾಶ್ವತ, ಹೇಳದೆ ಊರು ಬಿಟ್ಟರೆ 20 ವರ್ಷ ಕಠಿಣ ಸಜೆ. ತಿಂಗಳಿಗೊಮ್ಮೆ ಕಮಾಂಡೆಂಟ್ ಕಚೇರಿಗೆ ಹೋಗಿ ಸಹಿ ಹಾಕಬೇಕು. 1955ರ ಡಿಸೆಂಬರಿನಲ್ಲಿ ಆ ಸಹಿ ತಪ್ಪಿತು, ಊರಿಗೆ ಮರಳುವ ಹಕ್ಕು ಮಾತ್ರ ಸಿಗಲಿಲ್ಲ. ಅಜ್ಜಿಯ ಮಕ್ಕಳು 1990ರ ದಶಕದಲ್ಲಿ ಜರ್ಮನಿಗೆ ಹೋದರು. ಎಲ್ಲರೂ ಹೋದರು ಎಂದರೂ ನಡೆಯುತ್ತದೆ: 1989ರಲ್ಲಿ ಕಜಾಕಿಸ್ತಾನದಲ್ಲಿ ಒಂಬತ್ತೂವರೆ ಲಕ್ಷಕ್ಕೂ ಹೆಚ್ಚು ಜರ್ಮನರಿದ್ದರು, 2021ರ ಗಣತಿಗೆ ಎರಡೂಕಾಲು ಲಕ್ಷದ ಆಸುಪಾಸು. ನೀವ್ಯಾಕೆ ಹೋಗಲಿಲ್ಲ ಎಂದೆ. "ಅಲ್ಲಿ ನಾನು ಯಾರ ಜೊತೆ ಕಜಾಕ್ ಮಾತಾಡಲಿ?"

ಹೊರಡುವಾಗ ಬೀರುವಿನಿಂದ ಒಂದು ಪ್ಲಾಸ್ಟಿಕ್ ಚೀಲ ತಂದರು. ಅಮ್ಮನ ಕೆಲಸದ ಪುಸ್ತಕ, ಎಲ್ಲೆಲ್ಲಿ ಎಷ್ಟು ಕಾಲ ದುಡಿದರು ಎಂಬುದರ ದಾಖಲೆ. ಮೊದಲ ನಮೂದು 1947ರದ್ದು. ಅದಕ್ಕೆ ಹಿಂದಿನ ನಾಲ್ಕೈದು ಚಳಿಗಾಲ ಪುಸ್ತಕದಲ್ಲಿಲ್ಲ, ಪಿಂಚಣಿಗೂ ಸೇರಲಿಲ್ಲ. ಅಮ್ಮ ಇಂಥ ದಿನದಿಂದ ಇಂಥ ದಿನದವರೆಗೆ ಇಂಥ ಗಣಿಯಲ್ಲಿದ್ದಳು ಎಂಬ ಒಂದು ಚೀಟಿ ಬೇಕು ಅವರಿಗೆ. ಈಗ ದುಡ್ಡಿನ ಆಸೆಗಲ್ಲ. "ನಾನು ಹೋದಮೇಲೆ ಹೇಳುವವರು ಯಾರು?"

ಆಗಸ್ಟ್ 29, ಸ್ಪಾಸ್ಕ್

ಸ್ಪಾಸ್ಕ್ ಇರುವುದು ಅಲ್ಮಾಟಿಯತ್ತ ಹೋಗುವ ಹೆದ್ದಾರಿಯ ಪಕ್ಕದಲ್ಲೇ, ಊರಿನಿಂದ ಮುಕ್ಕಾಲು ಗಂಟೆ. ಅದೇ ಚಾಲಕರು ಬಂದರು, ಈ ಸಲ ಜಾಕ್ ಇದೆ ಎಂದು ತೆಗೆದು ತೋರಿಸಿಯೇ ಗಾಡಿ ಬಿಟ್ಟರು. ನೆರಳು ಎಂಬುದಿಲ್ಲ, ನೀರು, ಟೋಪಿ ಎರಡೂ ಬೇಕು. ಟೋಪಿಗೆ ದಾರ ಇದ್ದರೆ ಇನ್ನೂ ವಾಸಿ.

ಯುದ್ಧಕೈದಿಗಳ ದೊಡ್ಡ ಶಿಬಿರ ಇಲ್ಲಿತ್ತು. ಬಯಲಿನ ನಡುವೆ ಒಂದೊಂದು ದೇಶ ತನ್ನವರಿಗಾಗಿ ನೆಟ್ಟ ಕಲ್ಲುಗಳಿವೆ: ಜಪಾನ್, ಫಿನ್ಲೆಂಡ್, ಇಟಲಿ, ಫ್ರಾನ್ಸ್, ರುಮೇನಿಯಾ, ಲಿಥುವೇನಿಯಾ. ಒಂದೊಂದರ ಆಕಾರವೂ ಬೇರೆ. ಜರ್ಮನಿಯದೂ ಇದೆ. ಅದು ಸೆರೆಸಿಕ್ಕ ಸೈನಿಕರಿಗೆ. ಸ್ಟಾಲಿನ್‌ನ ವಿರುದ್ಧ ಬಂದೂಕು ಹಿಡಿದು ಬಂದವರಿಗೆ ಕಲ್ಲು ನೆಡಲು ಒಂದು ದೇಶವಿದೆ, ಅದು ನ್ಯಾಯವೇ. ಅದೇ ನೆಲದಲ್ಲಿ ಹುಟ್ಟಿ ಕಲ್ಲಿದ್ದಲು ತಳ್ಳಿದ ನಿನ್ನೆಯ ಅಜ್ಜಿಯ ಅಮ್ಮನಿಗೆ ಯಾವ ದೇಶ ನೆಡಬೇಕು? ವೋಲ್ಗಾದ ಗಣರಾಜ್ಯವನ್ನು 1941ರಲ್ಲೇ ಅಳಿಸಿಹಾಕಿದರು. 1964ರ ಆಗಸ್ಟ್ 29ರಂದು, ಅಂದರೆ ಸರಿಯಾಗಿ ಇದೇ ದಿನ, ಆ ಗೂಢಚಾರಿಕೆಯ ಆರೋಪ ಸುಳ್ಳೆಂದು ಸರ್ಕಾರವೇ ಒಪ್ಪಿಕೊಂಡಿತು. ಗಣರಾಜ್ಯವನ್ನು ಮಾತ್ರ ಹಿಂದಕ್ಕೆ ಕೊಡಲಿಲ್ಲ. 1979ರಲ್ಲಿ ಕಜಾಕಿಸ್ತಾನದ ಎರ್ಮೆಂತೌ ಎಂಬಲ್ಲಿ ಜರ್ಮನರಿಗೊಂದು ಸ್ವಾಯತ್ತ ಪ್ರಾಂತ ಮಾಡಲು ಮಾಸ್ಕೋ ಹೊರಟಾಗ, ಈಗಿನ ಅಸ್ತಾನಾ, ಆಗಿನ ತ್ಸೆಲಿನೋಗ್ರಾದಿನಲ್ಲಿ ಜನ ಬೀದಿಗಿಳಿದರು, ಯೋಜನೆ ಮೂಲೆ ಸೇರಿತು. ಕೇಳದೆ ನೆಲ ಕಳಕೊಂಡವರಿಗೆ, ಕೇಳದೆಯೇ ಇನ್ನೊಬ್ಬರ ನೆಲ ಕೊಡಲು ಹೊರಟರೆ ಹೀಗೇ ಆಗುವುದು. ಬೀದಿಗಿಳಿದವರನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ.

ಅಷ್ಟರಲ್ಲಿ ಹೆದ್ದಾರಿಯಲ್ಲಿ ಹೋಗುತ್ತಿದ್ದ ಕಜಾಕ್ ಕುಟುಂಬವೊಂದು ಕಾರು ನಿಲ್ಲಿಸಿತು. ಯಜಮಾನರು ಅಂಗೈ ಚಾಚಿ ಏನೋ ಓದಿ, ಮುಖ ಸವರಿಕೊಂಡರು. ಮಕ್ಕಳೂ ಹಾಗೇ ಮಾಡಿದರು. ಯಾವ ಕಲ್ಲು ಯಾರದು ಎಂದು ನೋಡಲೂ ಇಲ್ಲ. ಮತ್ತೆ ಕಾರು ಹತ್ತಿ ಹೊರಟುಹೋದರು.

ಸಂಜೆ ಊರಿನ ದೊಡ್ಡ ಚರ್ಚಿಗೆ ಹೋದೆವು. 2012ರಲ್ಲಿ ಪ್ರತಿಷ್ಠೆಯಾದ ಫಾತಿಮಾ ಮಾತೆಯ ಕೆಥೆಡ್ರಲ್, ಯುರೋಪಿನಿಂದ ಕಿತ್ತು ತಂದು ನೆಟ್ಟಂತಿರುವ ಗೋಪುರಗಳು. ಶಿಬಿರಗಳಲ್ಲಿ ಸತ್ತವರ ನೆನಪಿಗೆ ಕಟ್ಟಿದ್ದು. ಸೆರೆ ಅನುಭವಿಸಿ, ಬಿಡುಗಡೆಯಾದ ಮೇಲೂ ಇಲ್ಲೇ ಉಳಿದ ಪೋಲೆಂಡಿನ ಪಾದ್ರಿ ಬುಕೊವಿನ್ಸ್ಕಿ ಅವರ ಸಮಾಧಿ ಒಳಗಿದೆ. ಚಂದವಾಗಿದೆ, ಸುಳ್ಳು ಹೇಳಬಾರದು. ಆದರೆ ನನಗೆ ಮಾಯ್ಕುಡುಕಿನ ಇಟ್ಟಿಗೆ ಕಟ್ಟಡವೇ ಹಿಡಿಸಿತು. ಬೆಂಚು ಗಟ್ಟಿ, ಸೊಂಟ ಹಿಡಿದುಕೊಳ್ಳುತ್ತದೆ, ಆದರೂ.

ಆಗಸ್ಟ್ 30, ಅಸ್ತಾನಾ ಕಡೆಗೆ

ಆರ್ಕೈವಿಗೆ ಹೋಗೋಣವೆಂದರೆ ಆ ದಿನ ಸಂವಿಧಾನ ದಿನ, ಕಚೇರಿಗಳೆಲ್ಲ ಬಂದ್. ಚೌಕದಲ್ಲಿ ಬೆಳಗಿನಿಂದಲೇ ಮೈಕು, ಬಲೂನು. ಹೊರಡುವ ಮುಂಚೆ ಅಲ್ಲಿನ ರಜೆಗಳ ಪಟ್ಟಿ ನೋಡಿಕೊಂಡಿರಬೇಕು. ಮಾರುಕಟ್ಟೆಯಲ್ಲಿ ಮನೆಗೆಂದು ಒಂದು ಕಿಲೋ ಕುರ್ತ್ ಕೊಂಡೆ. ಬಸ್ಸಿಗೆ ಮುಂಚೆ ಅಜ್ಜಿಯ ಮನೆಗೆ ಹೋಗಿ, ನನ್ನ ಹತ್ತಿರ ಉಳಿದಿದ್ದ ಚಹಾಪುಡಿ ಕೊಟ್ಟು ಬಂದೆವು. ಅವರು ಒಂದು ಹಾಳೆಯಲ್ಲಿ ಅಮ್ಮನ ಹೆಸರು, ಹುಟ್ಟಿದ ವರ್ಷ, ವೋಲ್ಗಾ ದಡದ ಹಳ್ಳಿಯ ಹೆಸರನ್ನು ಜರ್ಮನ್, ರಷ್ಯನ್ ಎರಡು ಲಿಪಿಯಲ್ಲೂ ಬರೆದಿಟ್ಟಿದ್ದರು. 1942ರ ಗುಮಾಸ್ತ ಆ ಹೆಸರನ್ನು ಹೇಗೆ ಕೇಳಿಸಿಕೊಂಡು ಹೇಗೆ ಬರೆದಿದ್ದನೋ ಯಾರು ಬಲ್ಲರು. ಹಾಗಾಗಿ ಆಗಬಹುದಾದ ತಪ್ಪು ಕಾಗುಣಿತಗಳನ್ನೂ ಕೆಳಗೆ ಸಾಲಾಗಿ ಪಟ್ಟಿ ಮಾಡಿದ್ದರು. ಹುಡುಗ ಹಾಳೆಯನ್ನು ಮಡಿಸಿ ಸ್ಟೆತಸ್ಕೋಪಿನ ಚೀಲದಲ್ಲಿಟ್ಟುಕೊಂಡ.

ಅಸ್ತಾನಾವರೆಗೆ ಇನ್ನೂರು ಚಿಲ್ಲರೆ ಕಿಲೋಮೀಟರ್, ರಸ್ತೆ ಕನ್ನಡಿಯಂತಿದೆ, ಹೇಳುವಂಥದ್ದೇನೂ ನಡೆಯಲಿಲ್ಲ.

ಊರಿಗೆ ಬಂದು ಬಟ್ಟೆ ಒಗೆಯುವಷ್ಟರಲ್ಲಿ ಹುಡುಗನ ಮೆಸೇಜು: ಅಜ್ಜಿಯನ್ನು ಆರ್ಕೈವಿಗೆ ಕರೆದುಕೊಂಡು ಹೋಗಿದ್ದೆ, ಅರ್ಜಿ ತೆಗೆದುಕೊಂಡರು, ಉತ್ತರಕ್ಕೆ ಕಾಯಬೇಕಂತೆ. ಅವನು ಗಣಿಯ ನಂಬರನ್ನು ತಪ್ಪು ಖಾನೆಯಲ್ಲಿ ಬರೆದನೆಂದು ಅಜ್ಜಿ ಕೌಂಟರಿನ ಮುಂದೆಯೇ ಬೈದು, ಹೊಸ ನಮೂನೆ ತರಿಸಿ, ಮೊದಲಿನಿಂದ ಬರೆಸಿದರಂತೆ. ಈ ಸಲ ಕಜಾಕ್ ಭಾಷೆಯಲ್ಲಿ, ಪಕ್ಕದಲ್ಲಿ ನಿಂತು ತಾವೇ ಅಕ್ಷರ ಅಕ್ಷರ ಹೇಳಿಕೊಡುತ್ತಾ.